ಹುಮಾ ಪಕ್ಷಿಯ ನೆರಳು

ದೇವನಹಳ್ಳಿಯ ಕೋಟೆಯ ಬಳಿ ಟಿಪ್ಪು ಸುಲ್ತಾನನ ಜನ್ಮಸ್ಥಳವೆಂದು ಗುರುತಿಸಿರುವ ಪುಟ್ಟ ಕಂಬಗಳ ಮಂಟಪವನ್ನು ನಮ್ಮ ಭಾಗದ ಓದುಗರಲ್ಲಿ ಅನೇಕರು ಕಂಡಿರುತ್ತಾರೆ. ಅಲ್ಲಿ ಹುಟ್ಟಿದ ಮಗು ಮುಂದೆ ದೊರೆಯಾಗಿ ಶ್ರೀರಂಗಪಟ್ಟಣದಲ್ಲಿ ಮಾಡಿಸಿದ ಸಿಂಹಾಸನದ ವಿಚಾರ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಸಿಂಹಾಸನವೆಂದು ಕರೆದರೂ ಅದರಲ್ಲಿ ಸಿಂಹವಿರಲಿಲ್ಲ, ಹುಲಿಯಿತ್ತು. ಚಿನ್ನದ ತಗಡು ಹೊದಿಸಿದ ಎಂಟು ಮೂಲೆಯ ಪೀಠವನ್ನು ದೊಡ್ಡದೊಂದು ಹುಲಿಯು ಹೊತ್ತಿತ್ತು. ಸುತ್ತಲಿನ ಕಟಕಟೆಯ ಮೇಲೆ ರತ್ನಖಚಿತವಾದ ಹುಲಿಯ ತಲೆಗಳು. ಮೇಲಿನ ಛತ್ರಿಯ ಶಿಖರದಲ್ಲಿ ವಜ್ರ, ಮಾಣಿಕ್ಯ, ಪಚ್ಚೆ, ಮುತ್ತುಗಳಿಂದ ಬೆಳಗುವ ಚಿನ್ನದ ಹುಮಾ ಪಕ್ಷಿ. ಹುಮಾದ ನೆರಳು ಯಾರ ತಲೆಯ ಮೇಲೆ ಬೀಳುವುದೋ ಅವನು ಅರಸನಾಗುವನೆಂಬುದು ಪಾರಸಿ ಐತಿಹ್ಯ. ಆದ್ದರಿಂದ ಆ ಹಕ್ಕಿ ಬರಿಯ ಅಲಂಕಾರವಲ್ಲ. ಅದರ ಕೆಳಗಿನ ಪೀಠಕ್ಕೆ ಅರಸೊತ್ತಿಗೆಯ ಮುದ್ರೆ. ಇಂಗ್ಲಿಷರನ್ನು ಸೋಲಿಸುವವರೆಗೂ ಅದನ್ನು ಏರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನೆಂಬ ಪ್ರತೀತಿಯೂ ಉಂಟು.

ಒಡವೆಯೆಲ್ಲ ಅಂದಕ್ಕಾಗಿಯೇ ಅಲ್ಲವೆಂಬುದು ಕರಡಿಗೆಯನ್ನು ಧರಿಸುವ ಮನೆತನಗಳಿಗೆ ಹೊಸ ಮಾತಲ್ಲ. ಚೀನದ ಚಿಂಗ್ ವಂಶದ ಆಸ್ಥಾನದಲ್ಲಿ ಇದು ಕಟ್ಟುನಿಟ್ಟಾದ ಶಾಸನವೇ ಆಗಿತ್ತು. ಬೌದ್ಧರ ಜಪಮಾಲೆಯಿಂದ ಬಂದ 108 ಮಣಿಗಳ ಸರವನ್ನು ಅಲ್ಲಿ ಚಕ್ರವರ್ತಿಯೂ ಮೇಲ್ದರ್ಜೆಯ ಅಧಿಕಾರಿಗಳೂ ಧರಿಸುತ್ತಿದ್ದರು. ಚಕ್ರವರ್ತಿಯು ಆಕಾಶದ ಪೂಜೆಗೆ ಕಡುನೀಲಿ ಕಲ್ಲಿನ ಸರವನ್ನೂ, ಭೂಮಿಯ ಪೂಜೆಗೆ ಹಳದಿಯ ಅಂಬರನ್ನೂ, ಸೂರ್ಯನಿಗೆ ಕೆಂಪು ಹವಳವನ್ನೂ, ಚಂದ್ರನಿಗೆ ವೈಡೂರ್ಯವಲ್ಲದ ತಿಳಿನೀಲಿಯ ಫಿರೋಜವನ್ನೂ ಧರಿಸಬೇಕಾಗಿತ್ತು. ಅಧಿಕಾರಿಯ ದರ್ಜೆ ಅವನ ಟೋಪಿಯ ತುದಿಯ ಮಣಿಯಲ್ಲೇ ತಿಳಿಯುತ್ತಿತ್ತು. ಪದವಿಯಿಂದ ತೆಗೆದರೆ ಮಣಿಯನ್ನೂ ಕಿತ್ತುಕೊಳ್ಳುತ್ತಿದ್ದರು. ಮಣಿ ಮನುಷ್ಯನದಲ್ಲ, ಪದವಿಯದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಈ ಅರ್ಥವನ್ನು ವಿಚಾರಿಸುವವರು ಇರಲಿಲ್ಲ. ಕೊಳ್ಳೆಯನ್ನು ಹಂಚಲು ನೇಮಕವಾಗಿದ್ದ ಸೈನ್ಯದ ಪ್ರತಿನಿಧಿಗಳು ಸಿಂಹಾಸನವನ್ನು ತುಂಡುತುಂಡು ಮಾಡಿದರು. ಅದನ್ನು ಇಡಿಯಾಗಿ ತನ್ನ ದೊರೆಗೆ ಕಳುಹಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಇದಕ್ಕೆ ಹಳಹಳಿಸಿದನು. ಒಯ್ದದ್ದಕ್ಕಿಂತ ಒಡೆದದ್ದೇ ಹೆಚ್ಚಿನ ನಷ್ಟವೆಂದು ನಮಗೆ ತೋರುತ್ತದೆ. ಒಯ್ದುದನ್ನು ಎಂದಾದರೂ ಕೇಳಬಹುದು. ಕರಗಿಸಿದ ತಗಡನ್ನು ಯಾರನ್ನು ಕೇಳುವುದು?

ಹುಮಾ ಪಕ್ಷಿಯೂ ಪೀಠದ ದೊಡ್ಡ ಹುಲಿಯ ತಲೆಯೂ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಕಟಕಟೆಯ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಇಡೀ ಸಿಂಹಾಸನ ಹೇಗಿತ್ತೆಂದು ತಿಳಿಯಲು ಆ ಕಾಲದ ಬರಹಗಳನ್ನೂ, 1800ರಲ್ಲಿ ಆನಾ ತೊನೆಲ್ಲಿ ಎಂಬ ಮಹಿಳೆ ಬರೆದ ಜಲವರ್ಣ ಚಿತ್ರದಂತಹ ಕೆಲವು ಚಿತ್ರಗಳನ್ನೂ ನೋಡಬೇಕಾಗಿದೆ. ಆ ಚಿತ್ರದಲ್ಲಿ ಟಿಪ್ಪು ಸಿಂಹಾಸನದ ಮೇಲೆಯೇ ಇದ್ದಾನೆ.