ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಅಳುವ ಮಗು



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರು. ಆದರೆ ಮಗನನ್ನು ಎರಡು ಸಲ ಆಪರೇಷನ್ನಿಗೆ ಕರೆದೊಯ್ದವನು. ಒಮ್ಮೆ ಏನೂ ಗೊತ್ತಿಲ್ಲದೆ, ಇನ್ನೊಮ್ಮೆ ಸ್ವಲ್ಪ ಓದಿಕೊಂಡು. ಕಳೆದ ತಿಂಗಳ ಪಾಟ್‌ಲಕ್‌ನಲ್ಲಿ ಈ ಮಾತು ಬಂದಾಗ ಮೂರ್ನಾಲ್ಕು ಮನೆಯವರು "ನಮ್ಮಲ್ಲೂ ಹೀಗೇ ಆಗಿತ್ತು" ಎಂದರು. ಅದಕ್ಕೇ ಈ ಬರಹ.

ಮೊದಲನೆಯದು ಅವನಿಗೆ ಮೂರು ವರ್ಷವಿದ್ದಾಗ. ಪದೇ ಪದೇ ಕಿವಿ ನೋವು ಬಂದು, ಸಣ್ಣ ಟ್ಯೂಬ್ ಹಾಕಿಸಬೇಕಾಯಿತು. ಹತ್ತು ನಿಮಿಷದ ಕೆಲಸ. ಐಸ್‌ಕ್ರೀಂ ಕೊಡಿಸುತ್ತೇನೆಂದು ಸುಳ್ಳು ಹೇಳಿ ಕಾರು ಹತ್ತಿಸಿದ್ದೆ. ನರ್ಸ್ ಎತ್ತಿಕೊಳ್ಳಲು ಬಂದಾಗ ನನ್ನ ಅಂಗಿ ಹಿಡಿದುಕೊಂಡ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಾಗಿಲು ಮುಚ್ಚಿದ ಮೇಲೂ "ಅಪ್ಪಾ" ಎಂಬ ಕೂಗು ಕೇಳುತ್ತಿತ್ತು. ಕಿವಿಯೇನೋ ವಾಸಿಯಾಯಿತು. ಆದರೆ ಮೂರು ವಾರ ರಾತ್ರಿ ಬೆಚ್ಚಿ ಎದ್ದು ಅಳುತ್ತಿದ್ದ, ಹಾಸಿಗೆ ಒದ್ದೆ ಮಾಡುತ್ತಿದ್ದ. ಕಾರು ಹತ್ತು ಎಂದರೆ "ನಿಜವಾಗ್ಲೂ ಎಲ್ಲಿಗೆ?" ಎಂದು ಕೇಳುತ್ತಿದ್ದ.

ಇದು ನಮ್ಮ ಮಗನೊಬ್ಬನ ಹಟವಲ್ಲ ಎಂದು ಆಮೇಲೆ ತಿಳಿಯಿತು. ಅರಿವಳಿಕೆಗೆ ಮುನ್ನ ತುಂಬ ಹೆದರಿದ ಮಕ್ಕಳಲ್ಲಿ ನಂತರ ಕೆಟ್ಟ ಕನಸು, ಅಪ್ಪ ಅಮ್ಮನನ್ನು ಬಿಟ್ಟಿರಲಾರದಿರುವುದು, ಊಟ ಬೇಡವೆನ್ನುವುದು ಇವೆಲ್ಲ ಹೆಚ್ಚು.

ಐದನೇ ವರ್ಷಕ್ಕೆ ಟಾನ್ಸಿಲ್ ತೆಗೆಸಬೇಕಾದಾಗ ಅರಿವಳಿಕೆ ತಜ್ಞೆಗೆ ಹಳೆಯ ಕಥೆಯೆಲ್ಲ ಹೇಳಿದೆ. ಆಕೆ ಮಿಡಾಜೊಲಾಮ್ ಸಿರಪ್ ಕೊಡೋಣ ಎಂದರು. ಊರಿಗೆ ಫೋನ್ ಮಾಡಿದಾಗ ಅಮ್ಮ, "ಎಳೆ ಮಗೂಗೆ ಮತ್ತು ಬರೋ ಔಷಧಿ ಯಾಕೋ ಕುಡಿಸ್ತೀರಿ?" ಎಂದರು. ನನ್ನಾಕೆಗೂ ಅದೇ ಅಳುಕು.

ಇದು ನಮ್ಮ ಹಿರಿಯರಿಗೆ ಗೊತ್ತಿರುವ ಕಾಂಪೋಸ್ ಮಾತ್ರೆಯ ಗುಂಪಿನದೇ ಔಷಧಿ, ಆದರೆ ಬೇಗ ಹತ್ತಿ ಬೇಗ ಇಳಿಯುವಂಥದು. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನ ಕೆಲಸ ಮಾಡುತ್ತದೆ. ಈ ಔಷಧಿ ತಾನೇ ಬ್ರೇಕ್ ಒತ್ತುವುದಿಲ್ಲ, ಒತ್ತಿದ ಬ್ರೇಕು ಇನ್ನಷ್ಟು ಚೆನ್ನಾಗಿ ಹಿಡಿಯುವಂತೆ ಮಾಡುತ್ತದೆ. (ಉಪಮೆ ನನ್ನದು, ಡಾಕ್ಟರ್ ಮಿತ್ರರು ಕ್ಷಮಿಸಬೇಕು.) ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 0.5 ಮಿಲಿಗ್ರಾಂ, ಗರಿಷ್ಠ 20. ನನ್ನ ಮಗ 18 ಕಿಲೋ ಇದ್ದ, ಅಂದರೆ 9 ಮಿಲಿಗ್ರಾಂ, ಸಿರಪ್ಪಿನಲ್ಲಿ ನಾಲ್ಕೂವರೆ ಮಿಲಿಲೀಟರ್. ಆಸ್ಪತ್ರೆಯಲ್ಲೇ, ಅವರ ಕಣ್ಣೆದುರಿಗೇ ಕೊಡುವ ಔಷಧಿ ಇದು, ಮನೆಯಲ್ಲಿ ಕುಡಿಸಿಕೊಂಡು ಹೋಗುವಂಥದಲ್ಲ. 20-30 ನಿಮಿಷದಲ್ಲಿ ಹತ್ತುತ್ತದೆ.

ಅಪ್ಪ ಅಮ್ಮ ಒಳಗೆ ಬಂದು ಪಕ್ಕದಲ್ಲಿ ನಿಂತರೆ ಸಾಲದೇ ಎಂದು ನಾನೂ ಕೇಳಿದ್ದೆ. ಯೇಲ್ ವಿಶ್ವವಿದ್ಯಾಲಯದ ಡಾ. ಜೀವ್ ಕೇನ್ ಮತ್ತು ಸಂಗಡಿಗರು 1998ರಲ್ಲಿ ಎರಡನ್ನೂ ಹೋಲಿಸಿ ನೋಡಿದ್ದರು. ಹೆದರಿಕೆ ತಗ್ಗಿಸುವುದರಲ್ಲಿ ಮಿಡಾಜೊಲಾಮ್ ಮೇಲಾಗಿತ್ತು. ಹೆತ್ತವರೇ ನಡುಗುತ್ತಿದ್ದರೆ ಮಗುವಿಗೆ ಅದೂ ಗೊತ್ತಾಗುತ್ತದಲ್ಲ!

ಹಾಗೆಂದು ಎಲ್ಲರಿಗೂ ಬೇಕೆಂದಿಲ್ಲ. ಕಿವಿ ಟ್ಯೂಬಿನಂಥ ಚಿಕ್ಕ ಆಪರೇಷನ್ ಮುಗಿದರೂ ಔಷಧಿಯ ಮಂಪರು ಉಳಿದು ಎಚ್ಚರವಾಗುವುದು ತಡವಾಗಬಹುದು. ಕೆಲವು ಮಕ್ಕಳು ಶಾಂತವಾಗುವ ಬದಲು ಇನ್ನಷ್ಟು ರೇಗಿ ಅಳುತ್ತಾರೆ. ಬಹು ಮುಖ್ಯವಾದದ್ದು ಉಸಿರಾಟ. "ರಾತ್ರಿ ಗೊರಕೆ ಹೊಡೆಯುತ್ತಾನಾ? ನಡುವೆ ಉಸಿರು ನಿಲ್ಲುತ್ತಾ?" ಎಂದು ಆಕೆ ಎರಡೆರಡು ಸಲ ಕೇಳಿದರು. ಗೊರಕೆಯೇನು ಮಹಾ ಎಂದು ಮುಚ್ಚಿಡಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳಿಗೆ ಈ ಔಷಧಿಯನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ಕೊಡುವುದೇ ಇಲ್ಲ. ನಮ್ಮವನಿಗೆ ತೊಂದರೆ ಅಲ್ಪವೆಂದು ನಿದ್ದೆಯ ಪರೀಕ್ಷೆಯಲ್ಲಿ ಗೊತ್ತಾಗಿದ್ದರಿಂದ ಒಪ್ಪಿದರು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಯೇ ಇಟ್ಟರು. ಎರಿಥ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಕೊಡುತ್ತಿದ್ದರೂ ಹೇಳಬೇಕು, ಅದು ಮಿಡಾಜೊಲಾಮನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಈಗ ಕೆಲವೆಡೆ ಮೂಗಿಗೆ ಹಾಕುವ ಡೆಕ್ಸ್‌ಮೆಡಿಟೊಮಿಡೀನ್ ಕೂಡ ಬಳಸುತ್ತಾರೆ. ಕಹಿಯಿಲ್ಲ, ಆದರೆ ಹತ್ತುವುದು ನಿಧಾನ.

ಈ ಸಲ ಸುಳ್ಳು ಹೇಳಲಿಲ್ಲ. ಹಿಂದಿನ ವಾರವೇ "ಗಂಟಲು ಸರಿಮಾಡ್ತಾರೆ ಪುಟ್ಟಾ, ಎದ್ದ ಮೇಲೆ ನೋವಿರುತ್ತೆ, ನಾವು ಅಲ್ಲೇ ಇರ್ತೀವಿ" ಎಂದು ಹೇಳಿದ್ದೆವು. ಸಿರಪ್ ಕುಡಿದು ಮುಖ ಕಿವುಚಿದ. ಕಾಲು ಗಂಟೆಗೆ ಗೋಡೆಯ ಮೀನಿನ ಚಿತ್ರ ನೋಡಿ ಕಿಲಕಿಲ ನಗತೊಡಗಿದ. ನರ್ಸ್ ಮಂಚ ತಳ್ಳಿಕೊಂಡು ಹೊರಟಾಗ ನಮಗೆ ಟಾಟಾ ಮಾಡಿದ. ಅತ್ತದ್ದು ನನ್ನಾಕೆ.

ಈ ಔಷಧಿ ಕುಡಿದ ಮೇಲಿನ ಹೊತ್ತು ಬಹಳ ಮಕ್ಕಳ ನೆನಪಿನಲ್ಲಿ ಉಳಿಯುವುದಿಲ್ಲ, ಅದಕ್ಕೆ ಹಿಂದಿನದು ಉಳಿಯುತ್ತದೆ. ಮಗನನ್ನು ಆಮೇಲೆ ಕೇಳಿದರೆ ಮೀನೂ ಗೊತ್ತಿಲ್ಲ, ಟಾಟಾನೂ ಗೊತ್ತಿಲ್ಲ. "ಆ ಔಷಧಿ ಹಾಗಲಕಾಯಿಗಿಂತ ಕಹಿ" ಎಂಬುದಷ್ಟೇ ಅವನ ದೂರು.