ಲಸಿಕೆ ಬೆಳೆಯುವ ಕೋಶಕ್ಕೂ ನೂರೆಂಟು ತಪಾಸಣೆ

ಪೋಲಿಯೊ ಲಸಿಕೆ ಬಂದು ತಾಯಂದಿರು ನಿರಾಳವಾಗಿದ್ದ ಕಾಲವದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬರ್ನಿಸ್ ಎಡ್ಡಿ ಎಂಬ ವಿಜ್ಞಾನಿ 1959ರಲ್ಲಿ ರೀಸಸ್ ಮಂಗಗಳ ಮೂತ್ರಪಿಂಡದ ಕೋಶಗಳನ್ನು ಅರೆದು, ಆ ಸಾರವನ್ನು ಆಗಷ್ಟೇ ಹುಟ್ಟಿದ ಹ್ಯಾಮ್‌ಸ್ಟರ್ ಮರಿಗಳಿಗೆ ಚುಚ್ಚಿದರು. ಕೆಲವು ತಿಂಗಳಲ್ಲಿ ಮರಿಗಳ ಮೈಯಲ್ಲಿ ಕ್ಯಾನ್ಸರ್ ಗಡ್ಡೆಗಳು ಎದ್ದವು. ಲಸಿಕೆಗಾಗಿ ಪೋಲಿಯೊ ವೈರಸ್ಸನ್ನು ಬೆಳೆಸುತ್ತಿದ್ದುದು ಅದೇ ಬಗೆಯ ಕೋಶಗಳಲ್ಲಿ. ಎಡ್ಡಿ ಎಚ್ಚರಿಸಿದರು. ಮೇಲಧಿಕಾರಿಗಳು ಆ ಮಾತಿಗೆ ಬೆಲೆ ಕೊಡುವ ಬದಲು, ಅವರನ್ನೇ ಲಸಿಕೆ ನಿಯಂತ್ರಣದ ಕೆಲಸದಿಂದ ದೂರವಿಟ್ಟರು.

ಮರುವರ್ಷವೇ, 1960ರಲ್ಲಿ, ಮರ್ಕ್ ಕಂಪನಿಯ ಬೆನ್ ಸ್ವೀಟ್ ಮತ್ತು ಮಾರಿಸ್ ಹಿಲ್ಲೆಮನ್ ಕಾರಣವನ್ನು ಪತ್ತೆ ಮಾಡಿದರು. ಎಸ್‌ವಿ40 ಎಂಬ ಮಂಗನ ವೈರಸ್ ಅದು. ರೀಸಸ್ ಮಂಗದ ಕೋಶದಲ್ಲಿ ಯಾವ ಕುರುಹೂ ತೋರದೆ ಅಡಗಿರುತ್ತಿತ್ತು. ಆಫ್ರಿಕಾದ ಹಸಿರು ಮಂಗದ ಕೋಶಕ್ಕೆ ಹಾಕಿದಾಗ ಮಾತ್ರ ಕೋಶದ ತುಂಬ ಗುಳ್ಳೆಗಳೆದ್ದು ಸಿಕ್ಕಿಬೀಳುತ್ತಿತ್ತು. ಪೋಲಿಯೊ ವೈರಸ್ಸನ್ನು ಕೊಲ್ಲಲು ಬಳಸುತ್ತಿದ್ದ ಫಾರ್ಮಲಿನ್‌ಗೆ ಇದು ಪೂರ್ತಿ ಸಾಯುತ್ತಿರಲಿಲ್ಲ. 1955ರಿಂದ 1963ರ ನಡುವೆ ಕೋಟ್ಯಂತರ ಜನ ಪೋಲಿಯೊ ಲಸಿಕೆ ಪಡೆದಿದ್ದರು, ಅದರ ಒಂದು ಪಾಲಿನಲ್ಲಿ ಈ ವೈರಸ್ ಇತ್ತು. ಮುಂದಿನ ದಶಕಗಳಲ್ಲಿ ಅವರ ಆರೋಗ್ಯದ ಮೇಲೆ ಹಲವು ಅಧ್ಯಯನಗಳು ನಡೆದವು. ಕ್ಯಾನ್ಸರ್ ಹೆಚ್ಚಿದ್ದಕ್ಕೆ ಸ್ಪಷ್ಟ ಪುರಾವೆ ಅವುಗಳಲ್ಲಿ ಸಿಗಲಿಲ್ಲ. ಆದರೂ 2002ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಹೌದು ಅಥವಾ ಅಲ್ಲ ಎಂದು ತೀರ್ಮಾನಿಸಲು ಇರುವ ಸಾಕ್ಷ್ಯ ಸಾಲದು ಎಂದೇ ವರದಿ ಕೊಟ್ಟಿತು. ಕೋಟ್ಯಂತರ ಆರೋಗ್ಯವಂತ ಮಕ್ಕಳಿಗೆ ಕೊಡುವ ಮದ್ದಿನ ವಿಷಯದಲ್ಲಿ ಇಂಥ ಉತ್ತರ ಯಾರಿಗೂ ಸಮಾಧಾನ ತರುವುದಿಲ್ಲ.

ವೈರಸ್ ತಾನಾಗಿ ಬೆಳೆಯದು, ಅದಕ್ಕೆ ಜೀವಂತ ಕೋಶ ಬೇಕೇ ಬೇಕು. ಆ ದಿನಗಳಲ್ಲಿ ಪ್ರತಿ ಸಲವೂ ಹೊಸ ಮಂಗವನ್ನು ಕೊಂದು ಮೂತ್ರಪಿಂಡ ತೆಗೆಯುತ್ತಿದ್ದರು. ಯಾವ ಮಂಗದೊಳಗೆ ಏನಿತ್ತೋ ಯಾರಿಗೆ ಗೊತ್ತು? ಒಮ್ಮೆ ತೆಗೆದು, ಸೋಸಿ, ಪರೀಕ್ಷಿಸಿ, ವರ್ಷಗಟ್ಟಲೆ ಬೆಳೆಸಬಲ್ಲ ಕೋಶಸಂತತಿ ಸಿಕ್ಕರೆ ಆ ಅನಿಶ್ಚಯವೇ ಇರುವುದಿಲ್ಲ. 1962ರ ಮಾರ್ಚ್ 27ರಂದು ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಯಾಸುಮುರಾ ಮತ್ತು ಕವಾಕಿತಾ ಒಂದು ಹಸಿರು ಮಂಗದ ಮೂತ್ರಪಿಂಡದಿಂದ ಆರಂಭಿಸಿದ ವೆರೋ ಕೋಶಗಳು ಅಂಥವು. ಇಂದಿಗೂ ಅವು ವಿಭಜನೆಯಾಗುತ್ತಲೇ ಇವೆ. ಇವುಗಳ ಜೀನೋಮನ್ನು 2014ರಲ್ಲಿ ಓದಿದಾಗ ಸುಮಾರು 90 ಲಕ್ಷ ಅಕ್ಷರಗಳಷ್ಟು ಉದ್ದದ ತುಂಡೊಂದು ಕಳಚಿಹೋಗಿರುವುದು ಕಂಡಿತು. ವೈರಸ್ ವಿರುದ್ಧ ಎಚ್ಚರಿಕೆ ಸಾರುವ ಇಂಟರ್‌ಫೆರಾನ್ ಜೀನುಗಳು ಅದರಲ್ಲಿದ್ದವು. ಹಲವು ಬಗೆಯ ವೈರಸ್‌ಗಳು ಇಲ್ಲಿ ಸೊಂಪಾಗಿ ಬೆಳೆಯಲು ಇದೊಂದು ಮುಖ್ಯ ಕಾರಣ.

ನಾಯಿ ಕಚ್ಚಿದವರಿಗೆ ಕೊಡುವ ರೇಬೀಸ್ ಲಸಿಕೆಗಳಲ್ಲಿ ಹಲವು ವೆರೋ ಕೋಶದಲ್ಲೇ ತಯಾರಾಗುತ್ತವೆ. ಕೋಲಾರದ ರೋಗಿಯೊಬ್ಬರಲ್ಲಿ 1980ರ ದಶಕದ ಆರಂಭದಲ್ಲಿ ಸಿಕ್ಕ ವೈರಸ್‌ನಿಂದ ರೂಪಿಸಿದ ಮೆದುಳುಜ್ವರದ ಜೆನ್‌ವ್ಯಾಕ್ ಲಸಿಕೆಯೂ ಅದರಲ್ಲೇ, ಕೋವ್ಯಾಕ್ಸಿನ್ ತಯಾರಾದದ್ದೂ ಅದರಲ್ಲೇ.

ಆದರೆ ಸಾವಿಲ್ಲದೆ ವಿಭಜನೆಯಾಗುವುದು ಕ್ಯಾನ್ಸರ್ ಕೋಶದ ಗುಣ. ಈ ಅಂಜಿಕೆಯಿಂದಲೇ 1954ರಲ್ಲಿ ಅಮೆರಿಕ, ಲಸಿಕೆಗೆ ಸಹಜ ಕೋಶಗಳನ್ನೇ ಬಳಸಬೇಕೆಂದು ನಿರ್ಧರಿಸಿತ್ತು. ಆ ನಿಲುವು ಮುಂದೆ ಸಡಿಲವಾದರೂ ಅಂಜಿಕೆ ಉಳಿಯಿತು. ಹಾಗಾಗಿ ವೆರೋದಂಥ ಕೋಶಗಳಿಗೆ ಮೊದಲ ಪರೀಕ್ಷೆಯೇ ಇದು: ಥೈಮಸ್ ಗ್ರಂಥಿಯಿಲ್ಲದೆ, ರೋಮವೂ ಇಲ್ಲದೆ ಹುಟ್ಟುವ, ರೋಗನಿರೋಧಕ ಶಕ್ತಿ ಕುಂದಿದ ಕನಿಷ್ಠ 10 ಇಲಿಗಳಿಗೆ ತಲಾ ಒಂದು ಕೋಟಿ ಕೋಶಗಳನ್ನು ಚುಚ್ಚಿ, ತಿಂಗಳುಗಟ್ಟಲೆ ಕಾಯುವುದು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ, 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಕ್ಯಾನ್ಸರ್‌ನಿಂದ ಬಂದ ಹೀಲಾ ಕೋಶಗಳನ್ನು ಕೊಡುತ್ತಾರೆ. ಅಲ್ಲಿ ಗಡ್ಡೆ ಎದ್ದು, ಇಲ್ಲಿ ಏಳದಿದ್ದರೆ ಪಾಸು. ವೆರೋ ಕೋಶಗಳು ಈ ಪರೀಕ್ಷೆ ಗೆಲ್ಲುತ್ತವೆ, ಆದರೆ ತಲೆಮಾರುಗಳು ವಿಪರೀತ ಹೆಚ್ಚಿದರೆ ಅವೂ ಗಡ್ಡೆ ಕಟ್ಟಬಲ್ಲವು.

ಮನೆಯಲ್ಲಿ ಇಂದಿನ ಮೊಸರೇ ನಾಳೆಯ ಹೆಪ್ಪು, ನಾಳೆಯದು ನಾಡಿದ್ದಿಗೆ. ಲಸಿಕೆ ಕಾರ್ಖಾನೆಯಲ್ಲಿ ಹಾಗೆ ಸರಪಳಿ ಬೆಳೆಸುವಂತಿಲ್ಲ. ಪರೀಕ್ಷೆ ಗೆದ್ದ ಕೋಶಗಳನ್ನು ನೂರಾರು ಪುಟ್ಟ ಶೀಶೆಗಳಲ್ಲಿ ತುಂಬಿ ದ್ರವ ಸಾರಜನಕದ ತಣ್ಪಿನಲ್ಲಿ ಇಡುತ್ತಾರೆ. ಇದು ಮೂಲ ಕೋಶ ಬ್ಯಾಂಕ್. ಪ್ರತಿ ತಯಾರಿಕೆಯೂ ಅದರಿಂದ ಹುಟ್ಟಿದ ಶೀಶೆಯಿಂದಲೇ ಶುರುವಾಗಬೇಕು, ಗೊತ್ತುಪಡಿಸಿದ ತಲೆಮಾರು ದಾಟುವ ಮೊದಲೇ ನಿಲ್ಲಬೇಕು. ಕೊನೆಗೆ ಲಸಿಕೆಯಲ್ಲಿ ಉಳಿಯುವ ಕೋಶದ ಡಿಎನ್‌ಎಗೂ ಮಿತಿಯಿದೆ: ಚುಚ್ಚುವ ಲಸಿಕೆಯಾದರೆ ಒಂದು ಡೋಸಿಗೆ 10 ನ್ಯಾನೊಗ್ರಾಂ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಹತ್ತೇ ಪಾಲು.

ಅಡಗಿರುವ ವೈರಸ್‌ಗಳ ಬೇಟೆ ಇದಕ್ಕಿಂತ ದೊಡ್ಡದು. ಹುಟ್ಟಿ ಒಂದು ದಿನ ಕಳೆಯದ ಇಲಿಮರಿಗಳಿಗೆ, ದೊಡ್ಡ ಇಲಿಗಳಿಗೆ, ಕಾವು ಕೊಟ್ಟ ಕೋಳಿಮೊಟ್ಟೆಗಳಿಗೆ ಕೋಶದ ಸಾರ ಚುಚ್ಚಿ ನೋಡುತ್ತಾರೆ. ಮನುಷ್ಯನ, ಮಂಗನ ಕೋಶಗಳ ಜೊತೆ ವಾರಗಟ್ಟಲೆ ಇಟ್ಟು ಅವು ಕಾಯಿಲೆ ಬೀಳುತ್ತವೆಯೇ ಎಂದು ಗಮನಿಸುತ್ತಾರೆ. ಕೆಂಪು ರಕ್ತಕಣಗಳನ್ನು ಮೇಲೆ ಸುರಿದು, ಅವು ಕೋಶಕ್ಕೆ ಅಂಟಿಕೊಂಡರೆ ಒಳಗೆ ವೈರಸ್ ಇರಬಹುದೆಂದು ಊಹಿಸುತ್ತಾರೆ. ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾಕ್ಕಾಗಿ 28 ದಿನ ಕಾಯಬೇಕು.

ಕೋಶಕ್ಕೆ ಕೊಡುವ ಆಹಾರವೂ ತಪಾಸಣೆಗೆ ಒಳಪಡುತ್ತದೆ. ಕೋವ್ಯಾಕ್ಸಿನ್‌ನಲ್ಲಿ ಕರುವಿನ ಸೀರಮ್ ಇದೆ ಎಂಬ ಸುದ್ದಿ 2021ರ ಜೂನ್‌ನಲ್ಲಿ ಮೊಬೈಲುಗಳಲ್ಲಿ ಹರಿದಾಡಿದಾಗ ಕೇಂದ್ರ ಆರೋಗ್ಯ ಸಚಿವಾಲಯ ವಿವರಣೆ ಕೊಡಬೇಕಾಯಿತು. ಸೀರಮ್ ಬೇಕಾಗುವುದು ವೆರೋ ಕೋಶಗಳು ಬೆಳೆಯುವ ಹಂತದಲ್ಲಿ. ಆಮೇಲೆ ಕೋಶಗಳನ್ನು ಹಲವು ಸಲ ತೊಳೆಯುತ್ತಾರೆ, ಸಿದ್ಧ ಲಸಿಕೆಯಲ್ಲಿ ಅದು ಇರುವುದಿಲ್ಲ. ಅದೇ ರೀತಿ, ಬುಡ್ಡಿಯ ತಳಕ್ಕೆ ಅಂಟಿದ ಕೋಶಗಳನ್ನು ಬಿಡಿಸಲು ಹಂದಿಯಿಂದ ತೆಗೆದ ಟ್ರಿಪ್ಸಿನ್ ಎಂಬ ಕಿಣ್ವವನ್ನು ಬಳಸುತ್ತಾ ಬಂದಿದ್ದಾರೆ. ಹಸುವಿನ, ಹಂದಿಯ ವೈರಸ್‌ಗಳು ಇಲ್ಲಿಂದ ನುಸುಳಬಲ್ಲವು. ನುಸುಳಿದ್ದೂ ಉಂಟು.

2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎರಿಕ್ ಡೆಲ್ವಾರ್ಟ್ ಅವರ ತಂಡ ಎಂಟು ಜೀವಂತ ಲಸಿಕೆಗಳನ್ನು ತೆಗೆದುಕೊಂಡು, ಅವುಗಳಲ್ಲಿರುವ ಸಕಲ ಜೀನುಗಳನ್ನೂ ಓದಿತು. ಇಂಥದೇ ವೈರಸ್ ಇದೆಯೇ ಎಂದು ಹುಡುಕದೆ, ಇರುವುದನ್ನೆಲ್ಲ ಓದುವ ಹೊಸ ದಾರಿ ಅದು. ಮಕ್ಕಳ ಭೇದಿ ತಡೆಯುವ ರೋಟಾರಿಕ್ಸ್ ಲಸಿಕೆಯಲ್ಲಿ ಹಂದಿಯ ಸರ್ಕೊವೈರಸ್ ಸಿಕ್ಕಿತು! ಮೂಲ ಕೋಶ ಬ್ಯಾಂಕಿನಲ್ಲೇ ಅದು ಸೇರಿಕೊಂಡಿತ್ತು. ಟ್ರಿಪ್ಸಿನ್ ಮೂಲಕ ಬಂದಿರಬೇಕು. ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಸೂಚಿಸಿತು. ಆ ವೈರಸ್ ಮನುಷ್ಯರಿಗಿರಲಿ, ಹಂದಿಗೂ ಕಾಯಿಲೆ ತರುವಂಥದಲ್ಲ. ರೋಟಾವೈರಸ್ ಭೇದಿಯಾದರೋ ಲಕ್ಷಾಂತರ ಮಕ್ಕಳನ್ನು ಕೊಲ್ಲುತ್ತಿತ್ತು. ಎರಡನ್ನೂ ತೂಗಿ ನೋಡಿ, ಮೇ ತಿಂಗಳಲ್ಲಿ ಮತ್ತೆ ಅನುಮತಿ ಸಿಕ್ಕಿತು. ಸರಿಯಾದ ತೀರ್ಮಾನವೇ. 2014ರಲ್ಲಿ ಎಫ್‌ಡಿಎ ವಿಜ್ಞಾನಿಗಳು ಇದೇ ವಿಧಾನದಿಂದ, ಲಸಿಕೆ ತಯಾರಿಕೆಯಲ್ಲಿ ಬಳಕೆಯಲ್ಲಿರುವ ಎಸ್‌ಎಫ್9 ಎಂಬ ಪತಂಗದ ಕೋಶದಲ್ಲೂ ಯಾರಿಗೂ ಗೊತ್ತಿರದ ವೈರಸ್ಸೊಂದನ್ನು ಪತ್ತೆ ಮಾಡಿದರು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ರೋಟಾರಿಕ್ಸ್‌ನ ವೈರಸ್ಸನ್ನು ಕಂಡವರು ತಯಾರಕರೂ ಅಲ್ಲ, ನಿಯಂತ್ರಕರೂ ಅಲ್ಲ, ಹೊರಗಿನ ಪ್ರಯೋಗಾಲಯದವರು. ನಿಯಮದ ಪಟ್ಟಿಯಲ್ಲಿರುವ ಪರೀಕ್ಷೆಗಳು ಹಿಂದೆ ಕಂಡ ಅಪಾಯಗಳನ್ನು ಹಿಡಿಯಲು ಹುಟ್ಟಿದವು. ಇನ್ನೂ ಕಾಣದ್ದನ್ನು ಹಿಡಿಯಲು ಹೊಸ ಉಪಕರಣದ ಜೊತೆಗೆ, ಎಡ್ಡಿಯವರಿಗೆ ಸಿಗದಿದ್ದ ಸ್ವಾತಂತ್ರ್ಯವೂ ಬೇಕು. ಭಾರತದಲ್ಲಿ ಲಸಿಕೆಯ ಬ್ಯಾಚುಗಳ ತಪಾಸಣೆಯ ಹೊಣೆ ಮುಖ್ಯವಾಗಿ ಕಸೌಲಿಯ ಕೇಂದ್ರೀಯ ಔಷಧ ಪ್ರಯೋಗಾಲಯದ ಮೇಲಿದೆ. ಆದರೆ ಜೀನೋಮ್ ಓದುವ ಸಾಮರ್ಥ್ಯ ಬೇರೆ ಅನೇಕ ಕಡೆಯೂ ಇದೆ. ಕೊರೊನಾ ಕಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಆವರಣದ ಪ್ರಯೋಗಾಲಯಗಳು ಅದನ್ನು ಮಾಡಿ ತೋರಿಸಿವೆ. ಮಾರುಕಟ್ಟೆಯ ಲಸಿಕೆಗಳ ಮಾದರಿಯನ್ನು ಇಂಥ ಪ್ರಯೋಗಾಲಯಗಳಿಗೆ ವರ್ಷಕ್ಕೊಮ್ಮೆಯಾದರೂ ಕೊಟ್ಟು ಓದಿಸಬೇಕು, ಕಂಡದ್ದನ್ನು ಜನರ ಮುಂದಿಡಬೇಕು.