ಮರಣಪತ್ರದಲ್ಲಿ ಕಾಣದ ಕಾರಣ

ಪ್ರಕೃತಿ, ಆಹಾರ, ವಯಸ್ಸು ಬೇರೆಬೇರೆಯಾದ ಜನರು ಏಕಕಾಲಕ್ಕೆ ರೋಗಕ್ಕೆ ತುತ್ತಾಗುವುದು ಹೇಗೆ? ಚರಕ ಸಂಹಿತೆಯ ವಿಮಾನಸ್ಥಾನವು ಈ ಪ್ರಶ್ನೆಯನ್ನೆತ್ತಿ, ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳು ಕೆಡುವುದೇ ಕಾರಣವೆಂದು ಉತ್ತರಿಸುತ್ತದೆ. ಅಲ್ಲಿ ಮೊದಲ ಹೆಸರು ವಾಯುವಿನದು.

ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ 42 ಲಕ್ಷ ಅಕಾಲಿಕ ಮರಣಗಳು ಸಂಭವಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೆ ಮರಣಪತ್ರದಲ್ಲಿ ಸಾಮಾನ್ಯವಾಗಿ ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಎಂದಿರುತ್ತದೆಯೇ ಹೊರತು ಗಾಳಿಯ ಹೆಸರಿರುವುದಿಲ್ಲ. ಹಾಗಾದರೆ ಈ ಲೆಕ್ಕ ಬಂದುದೆಲ್ಲಿಂದ?

1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕಲ್ಲಿದ್ದಲಿನ ಹೊಗೆ ಬೆರೆತ ಮಂಜು ಐದು ದಿನ ಕವಿದಿತ್ತು. ವಾಡಿಕೆಗಿಂತ ಸುಮಾರು 4,000 ಮರಣಗಳು ಹೆಚ್ಚಾದುದರಿಂದ ಅದರ ಘೋರತೆ ತಿಳಿಯಿತು. ದಿನನಿತ್ಯದ ಸೌಮ್ಯ ಮಾಲಿನ್ಯದ ಪರಿಣಾಮ ಅರಿಯಲು ದೀರ್ಘಕಾಲದ ಅಧ್ಯಯನ ಬೇಕಾಯಿತು. ಅಮೆರಿಕದ ಆರು ನಗರಗಳ ಸುಮಾರು 8,000 ವಯಸ್ಕರನ್ನು 14ರಿಂದ 16 ವರ್ಷ ಗಮನಿಸಿದ ಸಂಶೋಧನೆ 1993ರಲ್ಲಿ ಪ್ರಕಟವಾಯಿತು. ಧೂಮಪಾನದಂತಹ ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಅತಿ ಮಲಿನ ನಗರದಲ್ಲಿ ಮರಣದ ಪ್ರಮಾಣವು ಅತಿ ಶುದ್ಧ ನಗರಕ್ಕಿಂತ ಶೇ. 26ರಷ್ಟು ಹೆಚ್ಚಿತ್ತು.

ಇಂತಹ ಅಧ್ಯಯನಗಳಿಂದ, ಎಷ್ಟು ಧೂಳಿಗೆ ಎಷ್ಟು ಅಪಾಯವೆಂಬುದು ದೊರೆಯುತ್ತದೆ. ಒಂದು ಉದಾಹರಣೆ ನೋಡೋಣ. ಶುದ್ಧ ಗಾಳಿಯಲ್ಲಿ 800 ಜನ ಹೃದ್ರೋಗದಿಂದ ಸಾಯಬಹುದಾದ ಊರಿನಲ್ಲಿ ಮಾಲಿನ್ಯವು ಅಪಾಯವನ್ನು ಶೇ. 25ರಷ್ಟು ಹೆಚ್ಚಿಸಿದರೆ, 1,000 ಮರಣಗಳಾಗುತ್ತವೆ. ಹೆಚ್ಚಾದ 200 ಮರಣಗಳು ಮಾಲಿನ್ಯದ ಪಾಲು. ಆ 200 ಜನ ಇಂಥವರೇ ಎಂದು ಬೆರಳಿಟ್ಟು ತೋರಿಸಲಾಗದು. ಆದರೂ ಆ ನಷ್ಟ ಸತ್ಯ. ಅಪಾಯದ ಪ್ರಮಾಣವನ್ನು ಬೇರೆಬೇರೆ ತಂಡಗಳು ಬೇರೆಬೇರೆಯಾಗಿ ಗಣಿಸುವುದರಿಂದ ಅಂದಾಜುಗಳಲ್ಲಿ ಅಂತರವಿರುವುದು ಸಹಜ. ಭಾರತದಲ್ಲಿ 2019ರಲ್ಲಿ ಹೊರಗಿನ ಸೂಕ್ಷ್ಮ ಧೂಳಿನಿಂದ ಸುಮಾರು 9.8 ಲಕ್ಷ ಮರಣಗಳಾದವೆಂಬುದು ಅಂತಹ ಒಂದು ಅಂದಾಜು.

ಕೂದಲೆಳೆಯ ಮೂವತ್ತನೆಯ ಒಂದರಷ್ಟಿರುವ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತವನ್ನುಂಟುಮಾಡಿ ರಕ್ತನಾಳಗಳನ್ನು ಕೆಡಿಸುತ್ತವೆ. ಆದ್ದರಿಂದಲೇ ಈ ಮರಣಗಳಲ್ಲಿ ಹೆಚ್ಚಿನವು ಹೃದ್ರೋಗ ಹಾಗೂ ಪಾರ್ಶ್ವವಾಯುವಿನವು. ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ನಮ್ಮ ದೇಶದ ಮಿತಿ 40.

ನಿದಾನ ಪರಿವರ್ಜನ, ಅಂದರೆ ಕಾರಣವನ್ನು ತೊರೆಯುವುದೇ ಮೊದಲ ಚಿಕಿತ್ಸೆ. ಯಾವ ಲೇಹ್ಯವೂ ಕಷಾಯವೂ ಇದಕ್ಕೆ ಬದಲಿಯಲ್ಲ. ಸದ್ಭಕ್ತರು ಕಬ್ಬಿನ ರವದಿಯನ್ನು ಸುಡದೆ ಹೊಲಕ್ಕೆ ಹೊದಿಕೆಯಾಗಿಸಲಿ. ಕಸಕ್ಕೆ, ಪ್ಲಾಸ್ಟಿಕ್ಕಿಗೆ ಬೆಂಕಿಯಿಡದಿರಲಿ. ಜಾತ್ರೆ, ಉತ್ಸವಗಳಲ್ಲಿ ಪಟಾಕಿಯನ್ನು ಬಿಡಲಿ. ಚಳಿಗಾಲದ ಮುಂಜಾವಿನಲ್ಲಿ ಹೊಗೆ ನೆಲಮಟ್ಟದಲ್ಲಿ ನಿಲ್ಲುವುದರಿಂದ ಹೃದ್ರೋಗಿಗಳು, ಉಬ್ಬಸವುಳ್ಳವರು ಬಿಸಿಲೇರಿದ ಮೇಲೆ ನಡೆದಾಡುವುದು ಒಳಿತು. ವೈದ್ಯರು ಕೊಟ್ಟ ಔಷಧಿ, ಇನ್‌ಹೇಲರ್‌ಗಳನ್ನು ತಾವಾಗಿಯೇ ನಿಲ್ಲಿಸಬಾರದು.

ನಾವು ಹಚ್ಚಿದ ಬೆಂಕಿಯ ಹೊಗೆಯನ್ನು ನೆರೆಮನೆಯ ಕೂಸೂ ಉಸಿರಾಡುತ್ತದೆ. ಗಾಳಿಯನ್ನು ಶುದ್ಧವಾಗಿಡುವುದೂ ದಾಸೋಹವೇ.